ನಲ್ಲಿ ಇದೆ, ಸಾಬೂನು ಎಲ್ಲಿ?

ಬಿಸಿಯೂಟದ ಗಂಟೆ ಬಾರಿಸಿದೊಡನೆ ಮಕ್ಕಳು ತಟ್ಟೆ ಹಿಡಿದು ನಲ್ಲಿಯ ಮುಂದೆ ಸಾಲುಗಟ್ಟುತ್ತಾರೆ. ತಟ್ಟೆಗೊಂದಿಷ್ಟು ನೀರು, ಕೈಗೊಂದಿಷ್ಟು ನೀರು, ಅಲ್ಲಿಗೆ ಮುಗಿಯಿತು. ಹಿಂದಿನ ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಬಣ್ಣಬಣ್ಣದ ಚಿತ್ರವಿರುತ್ತದೆ. ಸಾಬೂನು ಮಾತ್ರ ಎಷ್ಟೋ ಶಾಲೆಗಳಲ್ಲಿ ಬೀರುವಿನೊಳಗೆ ಭದ್ರ.

ಮಕ್ಕಳನ್ನು ದೂರುವಂತಿಲ್ಲ, ದೊಡ್ಡವರ ರೂಢಿಯೂ ಹೀಗೇ ಇದೆ. ಊಟವಾದ ಮೇಲೆ ಸಾರಿನ ವಾಸನೆ ಹೋಗಲೆಂದು ಸಾಬೂನು ಹಚ್ಚಿ ತಿಕ್ಕುತ್ತಾರೆ. ಊಟಕ್ಕೆ ಮುಂಚೆ ಕೈಗೆ ಬರೀ ನೀರು ತೋರಿಸುತ್ತಾರೆ. ರೋಗ ತಡೆಯಬೇಕಾದರೆ ಇದು ತಿರುವುಮುರುವಾಗಬೇಕು. ಜಿಡ್ಡಿನ ಬಾಣಲೆ ಬರೀ ನೀರಿಗೆ ಬಿಡುತ್ತದೆಯೇ? ಚರ್ಮದ ಜಿಡ್ಡಿಗೆ ಅಂಟಿಕೊಂಡ ರೋಗಾಣುವೂ ಅಷ್ಟೇ. ಸಾಬೂನು ಆ ಜಿಡ್ಡನ್ನು ಸಡಿಲಿಸಿದ ಮೇಲೆಯೇ ನೀರು ಅದನ್ನು ಕೊಚ್ಚಿಕೊಂಡು ಹೋಗುವುದು.

ಕೈ ಎಷ್ಟು ಅಪಾಯಕಾರಿ ಎಂಬುದನ್ನು 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆ ಕಂಡಿತ್ತು. ಅಲ್ಲಿ ಎರಡು ಹೆರಿಗೆ ವಾರ್ಡುಗಳು. ಒಂದು ಸೂಲಗಿತ್ತಿಯರದು, ಇನ್ನೊಂದು ವೈದ್ಯರು ಮತ್ತು ವಿದ್ಯಾರ್ಥಿಗಳದು. ಬಾಣಂತಿ ಜ್ವರಕ್ಕೆ ತಾಯಂದಿರು ಹೆಚ್ಚು ಬಲಿಯಾಗುತ್ತಿದ್ದುದು ವೈದ್ಯರ ವಾರ್ಡಿನಲ್ಲೇ. ಅಲ್ಲಿಗೆ ಮಾತ್ರ ಸೇರಿಸಬೇಡಿ ಎಂದು ಗರ್ಭಿಣಿಯರು ಅಂಗಲಾಚುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುವವರು ಸಾವನ್ನೂ ಹೊತ್ತು ತರುತ್ತಿದ್ದಾರೆ ಎಂದು ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಹೊಳೆದದ್ದು, ಶವಪರೀಕ್ಷೆಯ ವೇಳೆ ಗಾಯಗೊಂಡ ಅವರ ಗೆಳೆಯ ಅಂಥದೇ ಲಕ್ಷಣಗಳಿಂದ ತೀರಿಕೊಂಡಾಗ. ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯದೆ ಯಾರೂ ತಾಯಂದಿರನ್ನು ಮುಟ್ಟಕೂಡದೆಂದು ಅವರು ಕಟ್ಟಪ್ಪಣೆ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ರೋಗಾಣು ಸಿದ್ಧಾಂತ ಇನ್ನೂ ನೆಲೆಗೊಳ್ಳದ ಕಾಲದ ಮಾತಿದು.

ನಮಗೆ ಹತ್ತಿರದ ಉದಾಹರಣೆಯೂ ಇದೆ. ಕರಾಚಿಯ ಬಡ ಬಡಾವಣೆಗಳಲ್ಲಿ ಕಾರ್ಯಕರ್ತರು ಸುಮಾರು ಒಂದು ವರ್ಷ ಮನೆಮನೆಗೆ ಹೋಗಿ ಸಾಬೂನು ಕೊಟ್ಟರು, ಯಾವಾಗ ಕೈ ತೊಳೆಯಬೇಕೆಂದು ಹೇಳಿಕೊಟ್ಟರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಾಬೂನು ಸಿಗದ ಬಡಾವಣೆಗಳಿಗೆ ಹೋಲಿಸಿದರೆ ಅಲ್ಲಿ ಮಕ್ಕಳ ಭೇದಿ ಅರ್ಧದಷ್ಟು ಕಡಿಮೆ. ಐದು ವರ್ಷದೊಳಗಿನವರ ನ್ಯುಮೋನಿಯಾ ಕೂಡ ಅರ್ಧಕ್ಕಿಳಿದಿತ್ತು. ರೋಗಾಣುನಾಶಕ ಬೆರೆಸಿದ ಸಾಬೂನಿಗೂ ಸಾದಾ ಸಾಬೂನಿಗೂ ವ್ಯತ್ಯಾಸವೇ ಕಾಣಲಿಲ್ಲ. ದುಬಾರಿ ಜಾಹೀರಾತಿನ ಸಾಬೂನು ಕೊಳ್ಳಲಾಗದ ತಾಯಿಗೆ ಇದಕ್ಕಿಂತ ನೆಮ್ಮದಿಯ ಸುದ್ದಿ ಬೇಕೇ?

ಅಲ್ಲಿ ಮಾತಿನ ಜೊತೆ ಸಾಬೂನೂ ಕೈಗೆ ಬಂದಿತ್ತು. ನಮ್ಮ ಶಾಲೆಗಳಿಗೆ ಮಾತೇ ಹೆಚ್ಚು ಬರುತ್ತಿದೆ. ಕೋವಿಡ್ ಕಾಲದಲ್ಲಿ ಅಂಗಡಿ ಅಂಗಡಿಯ ಬಾಗಿಲಲ್ಲೂ ಸ್ಯಾನಿಟೈಸರ್ ನಿಂತಿತ್ತು, ಜನ ಮರುಮಾತಿಲ್ಲದೆ ಬಳಸಿದರು. ಎದುರಿಗೇ ಇದ್ದದ್ದಕ್ಕೆ ಬಳಸಿದರು.

ಸಾಬೂನನ್ನು ಬೀರುವಿಗೆ ಸೇರಿಸುವ ಮುಖ್ಯ ಶಿಕ್ಷಕರ ಕಷ್ಟವೂ ಸುಳ್ಳಲ್ಲ. ಬಿಲ್ಲೆ ಕೆಸರಿಗೆ ಬೀಳುತ್ತದೆ, ನೀರಲ್ಲಿ ಕರಗುತ್ತದೆ, ಕಾಣೆಯಾಗುತ್ತದೆ. ಬಾಂಗ್ಲಾದೇಶದಲ್ಲಿ ಇದಕ್ಕೊಂದು ದಾರಿ ಹುಡುಕಿಕೊಂಡರು: ಒಂದೂವರೆ ಲೀಟರ್ ನೀರಿನ ಬಾಟಲಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಹಾಕಿ ಕುಲುಕುವುದು, ಮುಚ್ಚಳಕ್ಕೆ ಸಣ್ಣ ತೂತು ಮಾಡುವುದು. ಬೇಕಾದಷ್ಟೇ ನೊರೆನೀರು ಕೈಗೆ ಬರುತ್ತದೆ. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕದ ಜೊತೆಗೇ ಈ ಪುಡಿಗೂ ಸರ್ಕಾರ ಹಣ ಕೊಡಲಿ, ಪ್ರತಿ ನಲ್ಲಿಗೂ ಇಂಥದೊಂದು ಬಾಟಲಿಯನ್ನು ದಾರದಲ್ಲಿ ಕಟ್ಟಿಸಲಿ.