‘ವೈನ್ಸ್’ ಬೋರ್ಡಿನ ಕೆಳಗೆ ನಮ್ಮ ದ್ರಾಕ್ಷಿ ಇಲ್ಲ

ನಿಪ್ಪಾಣಿಯಿಂದ ಚಿಕ್ಕೋಡಿವರೆಗೆ ರಸ್ತೆ ಬದಿಯ ಬೋರ್ಡು ಓದುತ್ತಾ ಹೋಗಿ. ‘ವೈನ್ಸ್’, ‘ವೈನ್ ಶಾಪ್’ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಒಳಗೆ ಬಿಕರಿಯಾಗುವುದು ಮಾತ್ರ ವಿಸ್ಕಿ, ರಮ್, ಬಿಯರ್. ವೈನ್ ಕೇಳುವವರು ಅಪರೂಪ. ಇದು ಹಳೇ ಕಥೆ. ಹೊಸ ಕಥೆ ಏನೆಂದರೆ, ಈಗ ಮಂಗಲ ಕಾರ್ಯಾಲಯಗಳಿಗೂ ಹುಟ್ಟುಹಬ್ಬಗಳಿಗೂ ನೊರೆ ಉಕ್ಕುವ ಬಾಟಲಿ ಬಂದಿದೆ. ಕೇಕಿನ ಪಕ್ಕ ಬಾಟಲಿ ಅಲುಗಾಡಿಸಿ ಬಿರಡೆ ಹಾರಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ. ಒಳಗಿರುವುದು ಬಹಳ ಸಲ ಗ್ಯಾಸ್ ತುಂಬಿದ ಹಣ್ಣಿನ ರಸ. ಆದರೂ ಎಲ್ಲರ ಬಾಯಲ್ಲಿ ಅದು ‘ಶಾಂಪೇನ್’.

ಯಾರು ಏನು ಕುಡಿಯಬೇಕು ಎಂದು ಹೇಳುವುದು ಈ ಬರಹದ ಕೆಲಸವಲ್ಲ. ನಮ್ಮ ತಕರಾರು ಈ ಫ್ಯಾಷನ್ನಿನ ಬೆನ್ನಿಗೆ ಬರುವ ಒಂದು ಮಾತಿನ ಮೇಲೆ: ‘ವೈನ್ ಅಂದರೆ ದಾರೂ ಅಲ್ಲ, ಅದು ಕೃಷಿ. ವೈನ್ ಬೆಳೆದರೆ ದ್ರಾಕ್ಷಿ ರೈತ ಬೆಳೆಯುತ್ತಾನೆ.’

ನಮಗೆ ಈ ಮಾತು ದೂರದ್ದಲ್ಲ. ಚಿಕ್ಕೋಡಿ ಬಿಟ್ಟು ಕೃಷ್ಣೆ ದಾಟಿದರೆ ಅಥಣಿ ಸೀಮೆ. ಅಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ಅಲ್ಲಿನ ರೈತ ಬೆಳೆಯುವುದು ಮುಖ್ಯವಾಗಿ ಥಾಮ್ಸನ್ ಮತ್ತು ಅದರಿಂದ ಬಂದ ಬೀಜವಿಲ್ಲದ ತಳಿಗಳನ್ನು. ಇವು ತಿನ್ನುವ, ಒಣಗಿಸುವ ಹಣ್ಣು. ಸ್ಪಾರ್ಕ್ಲಿಂಗ್ ವೈನಿಗೆ ಬೇಕಾದದ್ದು ಶೆನಿನ್ ಬ್ಲಾಂಕ್, ಶಾರ್ಡೊನೆ, ಪಿನೋ ನ್ವಾರ್‌ನಂಥ ತಳಿ. ಹುಳಿ ಉಳಿಯಲೆಂದು ಅವನ್ನು ಸಕ್ಕರೆ ಪೂರ್ತಿ ಏರುವ ಮೊದಲೇ ಕೊಯ್ಯುತ್ತಾರೆ. ಒಮ್ಮೆ ಹುಳಿಸಿದ ವೈನಿಗೆ ಮತ್ತೆ ಸಕ್ಕರೆ, ಯೀಸ್ಟ್ ಹಾಕಿ ಬಾಟಲಿಯಲ್ಲೇ ಎರಡನೇ ಸಲ ಹುಳಿಸುವುದು ಇದರ ಹೆಸರಾಂತ ಪದ್ಧತಿ. ಆಗ ಹುಟ್ಟಿದ ಗ್ಯಾಸೇ ಆ ನೊರೆ. ಈ ಕೆಲಸ ನಡೆಯುತ್ತಿರುವುದು ಹೆಚ್ಚಾಗಿ ನಾಸಿಕದ ಸುತ್ತ. ಸುಲಾ ಅಲ್ಲಿನದು, ಫ್ರಾನ್ಸಿನ ಶಾಂಡೋನ್ 2013ರಲ್ಲಿ ಭಾರತಕ್ಕೆ ಬಂದು ನೆಲೆಯೂರಿದ್ದೂ ಅಲ್ಲೇ, ದಿಂಡೋರಿಯಲ್ಲಿ.

ಹಾಗಾದರೆ ಅಥಣಿಯವರೂ ಆ ತಳಿ ನೆಡಲಿ ಎನ್ನುತ್ತೀರಾ? ಅದು ಬೀಜವಿರುವ ಸಣ್ಣ ಹಣ್ಣು. ತಿನ್ನಲು ಪೇಟೆಯಲ್ಲಿ ಗಿರಾಕಿ ಇಲ್ಲ, ಒಣಗಿಸಿದರೂ ಬೆಲೆ ಇಲ್ಲ. ಕಂಪನಿ ತಗೊಂಡರೆ ಉಂಟು, ಇಲ್ಲದಿದ್ದರೆ ತಿಪ್ಪೆಗೆ. ಕೊಳ್ಳುವವನು ಹೇಳಿದ್ದೇ ಬೆಲೆಯಾದರೆ ಏನಾಗುತ್ತದೆಂದು ನಿಪ್ಪಾಣಿಗೆ ಯಾರೂ ಪಾಠ ಹೇಳಬೇಕಿಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗುಂಡು ಹಾರಿದ್ದು ಇದೇ ಊರಲ್ಲಿ. ಇನ್ನು ಲೆಕ್ಕ: 750 ಎಂಎಲ್ ಬಾಟಲಿಗೆ ಬೇಕಾಗುವ ದ್ರಾಕ್ಷಿ ಹೆಚ್ಚುಕಡಿಮೆ ಒಂದು ಕಿಲೋ. ಬಾಟಲಿಯ ಬೆಲೆ ಎಷ್ಟೇ ಏರಲಿ, ರೈತನಿಗೆ ಸಿಗುವುದು ಆ ಒಂದು ಕಿಲೋದ ದರ ಮಾತ್ರ.

ಈಗ ದೊಡ್ಡ ಮೋಸಕ್ಕೆ ಬರೋಣ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಕೂಲಿಯವನ ಮನೆ ಉಳಿಸಲು ಎಂದರು. ಅದೇ 2007ರಲ್ಲಿ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಮುಂದೆ ವೈನಿಗೆಂದೇ ಮಂಡಳಿಯಾಯಿತು, ವೈನ್ ಮೇಳಗಳಾದವು. ಕೂಲಿಯವನು ಕುಡಿದರೆ ಚಟ, ಕೆಲವರು ಕುಡಿದರೆ ಸಂಸ್ಕೃತಿ. ಸಾರಾಯಿ ಹೋದ ಜಾಗಕ್ಕೆ ಹಾಲು ಬರಲಿಲ್ಲ. ಅದೇ ‘ವೈನ್ಸ್’ ಬೋರ್ಡಿನ ಅಂಗಡಿಯ 90 ಎಂಎಲ್ ಅಗ್ಗದ ವಿಸ್ಕಿ ಬಂತು. ಕೂಲಿಯವನ ಕುಡಿತ ನಿಲ್ಲಲಿಲ್ಲ, ಸರಕಾರದ ತೆರಿಗೆ ಪುಸ್ತಕಕ್ಕೆ ಪೂರ್ತಿ ಸೇರಿಕೊಂಡಿತು. 2023ರ ಜುಲೈ ಬಜೆಟ್ಟಿನಲ್ಲಿ ಅಬಕಾರಿ ಗುರಿ 36,000 ಕೋಟಿ ರೂಪಾಯಿ. 2025-26ಕ್ಕೆ 40,000 ಕೋಟಿ. ಗುರಿ ಇಟ್ಟುಕೊಂಡು ಕುಡಿಸುವವರು ಕುಡಿತದ ಬಗ್ಗೆ ಉಪದೇಶ ಮಾಡುವುದು ನಾಚಿಕೆಗೇಡು.

2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಅವರ ಕಾಲಿನ ಬೊಬ್ಬೆಗೆ ಯಾವ ಮಂಡಳಿಯೂ ಆಗಲಿಲ್ಲ. ಗಡಿಯಾಚೆಯೂ ಇದೇ ರಾಗ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಂಪುಟ ಸೂಪರ್ ಮಾರ್ಕೆಟ್ಟಿನಲ್ಲಿ ವೈನ್ ಮಾರಲು ಒಪ್ಪಿದಾಗ ಕೊಟ್ಟ ಕಾರಣ ‘ರೈತರ ಹಿತ’. ರೈತನ ಹೆಸರು ಹೇಳಿದರೆ ಯಾರೂ ಎದುರು ಮಾತಾಡುವುದಿಲ್ಲ ಎಂಬ ಧೈರ್ಯ.

‘ವೈನ್ ಆರೋಗ್ಯಕ್ಕೆ ಒಳ್ಳೇದು’ ಎನ್ನುವವರಿಗೂ ಒಂದು ಮಾತು. ಮದ್ಯಕ್ಕೆ ‘ಇಷ್ಟು ಕುಡಿದರೆ ಅಪಾಯವಿಲ್ಲ’ ಎಂಬ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ನೊರೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ದ್ರಾಕ್ಷಿ ರೈತನ ಮೇಲೆ ನಿಜವಾಗಿ ಕಾಳಜಿ ಇದ್ದರೆ ದಾರಿ ಬೇರೆ ಇದೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಶೆಡ್ಡಿನಲ್ಲಿ ಒಣಗುವ ದಿನಗಳಲ್ಲೇ ಅಕಾಲ ಮಳೆ ಬಂದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಒಣಗಿದ ಮಾಲು ಹೊತ್ತ ಗಾಡಿಗಳು ಅಥಣಿಯಿಂದ ಗಡಿ ದಾಟಿ ಸಾಂಗಲಿ, ತಾಸಗಾಂವ್ ಪೇಟೆಗೆ ಹೋಗುತ್ತವೆ. ಆ ರೈತನಿಗೆ ಬೇಕಾದದ್ದು ತನ್ನ ತಾಲೂಕಿನಲ್ಲೇ ಭರ್ತಿ ಶೀತಲಗೃಹ, ಬಹಿರಂಗ ಹರಾಜು, ಮಳೆಗೆ ಸಿಕ್ಕ ಮಾಲಿಗೂ ವಿಮೆ. ಶಾಲೆಯ ಮಕ್ಕಳ ಊಟಕ್ಕೆ ಒಂದು ಹಿಡಿ ಒಣದ್ರಾಕ್ಷಿ ಸೇರಿಸಿದರೆ ಸರಕಾರವೇ ದೊಡ್ಡ ಗಿರಾಕಿಯಾಗುತ್ತದೆ.

ನಮ್ಮ ಪತ್ರಕರ್ತ ಗೆಳೆಯರಲ್ಲೂ ಒಂದು ವಿನಂತಿ. ಮುಂದಿನ ವೈನ್ ಮೇಳದ ವರದಿ ಬರೆಯುವಾಗ ‘ರೈತರಿಗೆ ವರದಾನ’ ಎಂಬ ಶೀರ್ಷಿಕೆ ಹಾಕುವ ಮುಂಚೆ ಅಥಣಿಯ ಒಂದು ಶೆಡ್ಡಿಗೆ ಹೋಗಿ, ಈ ವರ್ಷ ಕಿಲೋಗೆ ಎಷ್ಟು ಸಿಕ್ಕಿತು ಎಂದು ಕೇಳಿ. ಉತ್ತರ ಏನೇ ಇರಲಿ, ಅದನ್ನೇ ಶೀರ್ಷಿಕೆ ಮಾಡಿ.