ಅಂಗೈಯ ಸಂತೆ

ತನ್ನಲ್ಲಿ ಹೆಚ್ಚಾದುದನ್ನು ಕೊಟ್ಟು ತನ್ನಲ್ಲಿ ಇಲ್ಲದುದನ್ನು ಪಡೆಯುವ ವ್ಯವಹಾರಕ್ಕೆ ನಮ್ಮ ಹಿರಿಯರು ಕಟ್ಟಿಕೊಂಡ ನೆಲೆಯೇ ಸಂತೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಂತೆಗಳನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಅಲ್ಲಿ ಜನರು ಸರಕನ್ನು ಮುಟ್ಟಿ ನೋಡುವುದಕ್ಕಿಂತ ಮೊದಲು ಮಾರುವವರನ್ನು ವಿಚಾರಿಸುತ್ತಾರೆ. ಯಾವ ಊರು, ಯಾರ ಮನೆಯವರು, ಹೊಲ ಯಾವ ಕಡೆಗೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬೆಲೆಯ ಮಾತು. ಪರಿಚಯವು ಮೊದಲು, ವ್ಯಾಪಾರವು ಆಮೇಲೆ. ಈ ಕ್ರಮವನ್ನು ತಿಳಿದವರಿಗೆ ಇಂದಿನ ಸಾಮಾಜಿಕ ಜಾಲತಾಣವು ತೀರ ಅಪರಿಚಿತವಾದ ವಸ್ತುವೇನೂ ಅಲ್ಲ.

ಆದರೆ ಸಂತೆಯ ಸುಖವು ಎಲ್ಲ ಬೆಳೆಗೂ ಇಲ್ಲ. ಈ ಸೀಮೆಯ ಮುಖ್ಯ ಬೆಳೆಯಾದ ತೊಗರಿಯನ್ನೇ ನೋಡಿರಿ. ಅದರ ರಾಶಿಯು ಬಹುಮಟ್ಟಿಗೆ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಮುಗಿಯುತ್ತದೆ. ಎಲ್ಲರ ಚೀಲಗಳೂ ಒಮ್ಮೆಗೇ ಮಾರುಕಟ್ಟೆಗೆ ಬಂದಾಗ ಬೆಲೆಯು ತಗ್ಗುವುದು ಸಹಜ. ಸಾಲದ ಕಂತು, ಮದುವೆಯ ಖರ್ಚು, ಮಕ್ಕಳ ಶುಲ್ಕ ಇವು ಬೆಲೆ ಏರುವವರೆಗೆ ಕಾಯುವುದಿಲ್ಲ. ಬೆಳೆದವನು ಅಡತಿ ಅಂಗಡಿಯಲ್ಲಿ ಸಿಕ್ಕ ಬೆಲೆಗೆ ಕೊಟ್ಟು ಬರುತ್ತಾನೆ. ಅದೇ ಕಾಳು ದಾಲ್ ಮಿಲ್ಲಿನಲ್ಲಿ ಬೇಳೆಯಾಗಿ, ಹಲವು ಕೈಗಳನ್ನು ದಾಟಿ, ಬೆಂಗಳೂರಿನ ಅಥವಾ ಪುಣೆಯ ಗೃಹಿಣಿಯ ಡಬ್ಬಿಯನ್ನು ಸೇರುವಾಗ ಅದರ ಬೆಲೆ ಬೇರೆಯೇ ಆಗಿರುತ್ತದೆ. ಆ ಗೃಹಿಣಿಗೆ ಬೆಳೆದವನ ಹೆಸರು ತಿಳಿಯದು. ಬೆಳೆದವನಿಗೆ ಉಂಡವರ ಮುಖ ತಿಳಿಯದು. ನಡುವಣ ಈ ಕತ್ತಲೆಯಲ್ಲಿಯೇ ಲಾಭದ ದೊಡ್ಡ ಪಾಲು ಕರಗಿಹೋಗುತ್ತದೆ. ಕೈಯಲ್ಲಿ ಹಿಡಿಯುವ ಫೋನು ಈ ಕತ್ತಲೆಯನ್ನು ಸ್ವಲ್ಪವಾದರೂ ಕಡಿಮೆಮಾಡಬಲ್ಲುದೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಮಾಡಬಲ್ಲುದು ಎಂಬುದಕ್ಕೆ ನಮ್ಮ ಜಿಲ್ಲೆಯ ರೊಟ್ಟಿಯೇ ಸಾಕ್ಷಿ. ಜೋಳದ ರೊಟ್ಟಿ ಬಡಿಯುವುದನ್ನು ಯಾರೂ ಒಂದು ವಿದ್ಯೆಯೆಂದು ಎಣಿಸಿದವರಲ್ಲ. ಅದು ಹೆಂಗಸರ ನಿತ್ಯದ ದುಡಿಮೆಯಾಗಿತ್ತು, ಅಷ್ಟೆ. ಮಹಿಳಾ ಸ್ವಸಹಾಯ ಸಂಘಗಳು ಅದನ್ನೇ ಉದ್ಯಮವನ್ನಾಗಿ ಮಾಡಿಕೊಂಡಾಗ, ಜಿಲ್ಲಾಡಳಿತವು ಅದಕ್ಕೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನ ಆಸರೆಯನ್ನು ಕೊಟ್ಟಿತು. 2025ರ ಜೂನ್ 29ರಂದು ಪ್ರಧಾನಿ ನರೇಂದ್ರ ಮೋದಿಯವರು ತಮ್ಮ ಬಾನುಲಿ ಭಾಷಣದಲ್ಲಿ ಈ ಮಹಿಳೆಯರ ಹೆಸರೆತ್ತಿದರು. ದಿನವೊಂದಕ್ಕೆ 3,000ಕ್ಕೂ ಹೆಚ್ಚು ರೊಟ್ಟಿಗಳು ಸಿದ್ಧವಾಗುತ್ತಿರುವುದನ್ನೂ, ಬೆಂಗಳೂರಿನಲ್ಲಿ ಮಾರಾಟದ ಕಟ್ಟೆ ತೆರೆದಿರುವುದನ್ನೂ, ಅಂತರಜಾಲದ ಆಹಾರ ತಾಣಗಳ ಮೂಲಕ ಬೇಡಿಕೆ ಬರುತ್ತಿರುವುದನ್ನೂ ಅವರು ಹೇಳಿದರು. ಅಡುಗೆಮನೆಯ ಹೊಗೆಯಲ್ಲಿಯೇ ಮರೆಯಾಗಿದ್ದ ಕೈಗುಣಕ್ಕೆ ಹೊರಗಿನ ಬೆಲೆಯು ದೊರೆತುದು ಸಣ್ಣ ಮಾತಲ್ಲ.

ಇಷ್ಟನ್ನು ಕೇಳಿದ ಕೂಡಲೆ, ಒಂದು ಚಿತ್ರ ತೆಗೆದು ಫೇಸ್‌ಬುಕ್ಕಿನಲ್ಲಿ ಹಾಕಿದರೆ ಮನೆಬಾಗಿಲಿಗೆ ಹಣ ಬರುತ್ತದೆ ಎಂದು ಭಾವಿಸುವವರುಂಟು. ಇದು ಭ್ರಮೆ. ಡಂಗುರವನ್ನು ಎಷ್ಟು ಜೋರಾಗಿ ಹೊಡೆದರೂ ಚೀಲದಲ್ಲಿರುವ ಕಲ್ಲು ಬೇಳೆಯಾಗುವುದಿಲ್ಲ. ಸರಕಿನ ಗುಣವನ್ನು ಮಾತ್ರವಲ್ಲ, ಅದರ ಸ್ವಭಾವವನ್ನೂ ಅರಿಯಬೇಕು. ಕಡಕ್ ರೊಟ್ಟಿಯು ಹಗುರ, ಬಹುದಿನ ಕೆಡದು. ಆದುದರಿಂದ ದೂರಕ್ಕೆ ಕಳುಹಿಸಲು ಯೋಗ್ಯ. ಆದರೆ ಅದು ಮುರಿಯುವ ವಸ್ತು. ಪುಣೆಯಲ್ಲಿ ಪೆಟ್ಟಿಗೆ ತೆರೆದವರಿಗೆ ರೊಟ್ಟಿಯ ಬದಲು ಅದರ ನುಚ್ಚು ಕಂಡರೆ ಅವರು ಇನ್ನೊಮ್ಮೆ ಕೇಳುವರೆ? ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಿಗೆ ಈ ಭಯವಿಲ್ಲ. ಬೇಳೆಯ ಕಥೆಯೇ ಬೇರೆ. ಅದು ತೂಕದ ಸರಕು. ಒಂದು ಕಿಲೋ ಬೇಳೆಯನ್ನು ಅಂಚೆಯಲ್ಲಿ ಕಳುಹಿಸಿದರೆ ಸಾಗಣೆಯ ವೆಚ್ಚವೇ ಲಾಭವನ್ನು ನುಂಗುತ್ತದೆ. ನಗರದಲ್ಲಿ ಒಂದೇ ವಸತಿ ಸಮುಚ್ಚಯದ ಹತ್ತು ಮನೆಯವರು ಕೂಡಿ ತರಿಸಿಕೊಳ್ಳುವಂತೆ ಮಾಡಿದರೆ ಮಾತ್ರ ಅದು ಗಿಟ್ಟುತ್ತದೆ.

ಆ ಹತ್ತು ಮನೆಗಳನ್ನು ಎಲ್ಲಿ ಹುಡುಕುವುದು? ಲಕ್ಷಾಂತರ ಅಪರಿಚಿತರಿಗೆ ಕೂಗಿ ಹೇಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ಮೂರು ತಾಲ್ಲೂಕುಗಳ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದು, ಬೆಂಗಳೂರುಗಳನ್ನು ಸೇರಿವೆ. ಊರಿನ ರೊಟ್ಟಿಯ ರುಚಿಯನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಅವರೇ ಮೊದಲ ಗಿರಾಕಿಗಳು. ಅವರ ನೆರೆಯವರು ಎರಡನೆಯ ಗಿರಾಕಿಗಳು. ದೇವಲ ಗಾಣಗಾಪುರದ ದತ್ತಾತ್ರೇಯ ಸನ್ನಿಧಿಗೆ ಮಹಾರಾಷ್ಟ್ರದಿಂದ ಬರುವ ಯಾತ್ರಿಕರು, ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಬರುವ ಭಕ್ತರು ಇವರಲ್ಲಿಯೂ ಒಮ್ಮೆ ಕೊಂಡು ಮೆಚ್ಚಿದವರು ಮತ್ತೆ ತರಿಸಿಕೊಳ್ಳಲು ಸಿದ್ಧರಿರುತ್ತಾರೆ. ಅವರ ಕೈಗೆ ಕೊಟ್ಟ ಪೊಟ್ಟಣದ ಮೇಲೆ ಒಂದು ದೂರವಾಣಿ ಸಂಖ್ಯೆ ಅಚ್ಚಾಗಿದ್ದರೆ, ಅದು ಎಷ್ಟೋ ಜಾಹೀರಾತಿಗಿಂತ ಮೇಲು.

ಈ ಕೆಲಸಕ್ಕೆ ಬೇಕಾದ ಉಪಕರಣಗಳು ದುಬಾರಿಯವೂ ಅಲ್ಲ. 2018ರಲ್ಲಿ ವ್ಯಾಪಾರಿಗಳಿಗಾಗಿಯೇ ಬಂದ ವಾಟ್ಸಾಪ್ ಬಿಸಿನೆಸ್ ಎಂಬುದನ್ನು ಹಣ ಕೊಡದೆ ಬಳಸಬಹುದು. ಅಂಗಡಿಯ ಹೆಸರು, ವಿಳಾಸ, ತೆರೆದಿರುವ ವೇಳೆ, ಸರಕುಗಳ ಚಿತ್ರ ಮತ್ತು ಬೆಲೆ ಎಲ್ಲವನ್ನೂ ಅದರಲ್ಲಿ ಜೋಡಿಸಿಡಬಹುದು. ಅದರ ಒಂದು ನಿಯಮ ನನಗೆ ಬಹಳ ಹಿಡಿಸಿದೆ. ಹಲವರಿಗೆ ಒಮ್ಮೆಗೇ ಸುದ್ದಿ ಕಳುಹಿಸುವ ಪಟ್ಟಿಯನ್ನು ನೀವು ಮಾಡಿಕೊಳ್ಳಬಹುದು. ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಆ ಸುದ್ದಿ ತಲಪುತ್ತದೆ. ಪರಿಚಯವು ಮೊದಲು ಎಂಬ ಸಂತೆಯ ನಿಯಮವೇ ಇಲ್ಲಿಯೂ ಬಂದು ಕುಳಿತಿದೆ!

ಮೂರು ದಶಕಗಳ ಕಾಲ ಮಕ್ಕಳಿಗೆ ಪತ್ರಲೇಖನವನ್ನು ಕಲಿಸಿದ ನನಗೆ ಇಂದಿನ ವ್ಯಾಪಾರದ ಸಂದೇಶಗಳನ್ನು ಓದುವಾಗ ಕೆಂಪು ಶಾಯಿಯ ಲೇಖನಿಯ ನೆನಪಾಗುತ್ತದೆ. ‘ಅತ್ಯುತ್ತಮ ರೊಟ್ಟಿ, ಇಂದೇ ಖರೀದಿಸಿ’ ಎಂದಿರುತ್ತದೆ. ಕೆಳಗೆ ಹೂವುಗಳ ಚಿತ್ರ, ಕೈಮುಗಿದ ಚಿತ್ರ. ಎಷ್ಟು ರೊಟ್ಟಿಗೆ ಎಷ್ಟು ಬೆಲೆ? ಸಾಗಣೆಯ ವೆಚ್ಚ ಯಾರದು? ಎಂದು ಬಡಿದದ್ದು, ಎಷ್ಟು ದಿನ ಇಡಬಹುದು? ಯಾವುದಕ್ಕೂ ಉತ್ತರವಿಲ್ಲ. ವ್ಯವಹಾರ ಪತ್ರದಲ್ಲಿ ಸ್ಥಳ, ದಿನಾಂಕ, ವಿಷಯ, ಪ್ರಮಾಣ, ಬೆಲೆ ಇಷ್ಟೂ ಇರಲೇಬೇಕೆಂದು ನಾವು ಕಲಿಸಿದ್ದು ಅಂಕಗಳಿಗಾಗಿ ಮಾತ್ರವಲ್ಲ. ಓದುವವನು ಮತ್ತೊಂದು ಪ್ರಶ್ನೆ ಕೇಳುವ ತೊಂದರೆಯಿಲ್ಲದೆ ನಿರ್ಧರಿಸಲಿ ಎಂಬುದೇ ಆ ವಿಧಿಯ ಉದ್ದೇಶ. ಇನ್ನು ಭಾಷೆ. ಸೇಂಗಾ, ಸಜ್ಜಿ, ಹಿಂಡಿ ಎಂಬ ನಮ್ಮ ಮಾತುಗಳನ್ನು ಬಿಟ್ಟು, ಯಾರದೋ ಜಾಹೀರಾತಿನಿಂದ ಎರವಲು ತಂದ ಇಂಗ್ಲಿಷ್ ವಿಶೇಷಣಗಳನ್ನು ಪೋಣಿಸುವುದರಿಂದ ಸರಕಿನ ಘನತೆ ಹೆಚ್ಚುವುದಿಲ್ಲ. ಗಾಣಗಾಪುರದ ಯಾತ್ರಿಕರಿಗಾಗಿ ಮರಾಠಿಯಲ್ಲಿ ಎರಡು ಸಾಲು ಬರೆದರೆ ಅದು ಪ್ರಯೋಜನದ ಕೆಲಸ. ಚಿತ್ರವಾದರೂ ಅಷ್ಟೆ: ಬೇರೆಯವರ ಹೊಳೆಯುವ ಚಿತ್ರಕ್ಕಿಂತ, ಹಗಲು ಬೆಳಕಿನಲ್ಲಿ ತಮ್ಮದೇ ಹಂಚನ್ನೂ ಕೈಗಳನ್ನೂ ತೋರಿಸುವ ಚಿತ್ರವು ಹೆಚ್ಚು ನಂಬಿಕೆಯನ್ನು ಹುಟ್ಟಿಸುತ್ತದೆ.

ನಂಬಿಕೆಗೆ ಕಾನೂನಿನ ಗುರುತುಗಳೂ ಇವೆ. ಆಹಾರ ಪದಾರ್ಥವನ್ನು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿ, 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಈ ನೆಲದ ಹೆಸರನ್ನು ಬೇರೆ ಕಡೆಯ ಬೇಳೆಗೆ ಅಂಟಿಸಿ ಮಾರಬಾರದೆಂಬುದೇ ಅದರ ಅರ್ಥ. ಇತರರು ಹಾಗೆ ಮಾಡಿದಾಗ ನಾವು ಸಿಟ್ಟಾಗುವುದು ನ್ಯಾಯವೇ. ಆದರೆ ನಮ್ಮವರೇ ಅಗ್ಗದ ಬೇಳೆಯನ್ನು ಬೆರೆಸಿ ಅದೇ ಹೆಸರಿನಲ್ಲಿ ಜಾಲತಾಣದಲ್ಲಿ ಮಾರಿದರೆ ಆ ಮಾನ್ಯತೆಗೆ ಉಳಿಯುವ ಬೆಲೆಯೇನು? 2022ರಲ್ಲಿ ನೆಟೆ ರೋಗವು ತೊಗರಿಯ ಹೊಲಗಳನ್ನು ಒಣಗಿಸಿದುದನ್ನು ಈ ಭಾಗದ ಜನ ಮರೆತಿಲ್ಲ. ಕಲಬೆರಕೆಯು ಹೆಸರಿಗೆ ತಗಲುವ ನೆಟೆ ರೋಗ.

ಜಾಲ ಎಂಬ ಮಾತಿಗೆ ಇನ್ನೊಂದು ಮುಖವಿದೆ. ಕೊಳ್ಳುವವರೊಡನೆ ಕಟ್ಟುವ ಸಂಬಂಧದ ಮಾತನ್ನು ಎಲ್ಲರೂ ಆಡುತ್ತಾರೆ. ಮಾರುವವರು ತಮ್ಮತಮ್ಮಲ್ಲಿ ಕಟ್ಟಿಕೊಳ್ಳುವ ಸಂಬಂಧವನ್ನು ಮರೆಯುತ್ತಾರೆ. ನನಗೆ ಈ ಎರಡನೆಯದೇ ಹೆಚ್ಚು ಮುಖ್ಯವೆಂದು ತೋರುತ್ತದೆ. 1959ರಲ್ಲಿ ಮುಂಬಯಿಯ 7 ಮಂದಿ ಮಹಿಳೆಯರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡತೊಡಗಿದರು. ಅದೇ ಲಿಜ್ಜತ್ ಪಾಪಡ್ ಸಂಸ್ಥೆಯಾಗಿ ಬೆಳೆಯಿತು. ಅವರ ಬಳಿ ಫೋನಿರಲಿಲ್ಲ, ಒಗ್ಗಟ್ಟಿತ್ತು. ಜೇವರ್ಗಿಯ ಒಂದು ಸಂಘಕ್ಕೆ 500 ರೊಟ್ಟಿಗಳ ಬೇಡಿಕೆ ಬಂದು, ಕೈಯಲ್ಲಿ 300 ಮಾತ್ರ ಇದ್ದಾಗ, ಉಳಿದ 200ನ್ನು ಅಫಜಲಪುರದ ಸಂಘದಿಂದ ತರಿಸಿಕೊಳ್ಳುವಂತಿದ್ದರೆ ಗಿರಾಕಿಯು ಕೈತಪ್ಪುವುದಿಲ್ಲ. ಆಳಂದದವರು ಕಂಡುಕೊಂಡ ಗಟ್ಟಿ ಪೆಟ್ಟಿಗೆಯ ಅಂಗಡಿಯನ್ನು ಉಳಿದವರಿಗೆ ತಿಳಿಸಬಹುದು. ಮೂರು ತಾಲ್ಲೂಕುಗಳ ಸಂಘಗಳಿಗೆ ಸೇರಿದ ಒಂದೇ ವಾಟ್ಸಾಪ್ ಗುಂಪಿದ್ದರೆ ಇದು ಕ್ಷಣದ ಕೆಲಸ. ಅದರಲ್ಲಿ ಬೆಳಗಿನ ಶುಭಾಶಯಗಳನ್ನು ಕಳುಹಿಸುವುದಿಲ್ಲವೆಂಬ ಕಟ್ಟುಪಾಡು ಮಾತ್ರ ಇರಬೇಕು!

ಹೊಸ ಸಂತೆಗೆ ಹೊಸ ಯಜಮಾನರಿದ್ದಾರೆ ಎಂಬುದನ್ನೂ ಹೇಳಬೇಕು. ಅಡತಿಯಿಂದ ಬಿಡಿಸಿಕೊಂಡು ಬಂದವನು ಕಾಣದ ಇನ್ನೊಬ್ಬ ದಲಾಲನ ಕೈಗೆ ಸಿಕ್ಕಬಾರದು. 2020ರ ಜೂನ್ 29ರಂದು ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ, ಅದೊಂದನ್ನೇ ನೆಚ್ಚಿದವರು ತಮ್ಮ ಪ್ರೇಕ್ಷಕರೆಲ್ಲರನ್ನೂ ಒಮ್ಮೆಗೇ ಕಳೆದುಕೊಂಡರು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಗಂಟೆಗಟ್ಟಲೆ ಸ್ತಬ್ಧವಾಗಿದ್ದವು. ಆದುದರಿಂದ ಗಿರಾಕಿಗಳ ಹೆಸರು, ಊರು, ಸಂಖ್ಯೆ, ಅವರು ಕೊಂಡ ಸರಕು ಇವು ಒಂದು ನೋಟುಪುಸ್ತಕದಲ್ಲಿ ಇರಲೇಬೇಕು. ವಂಚಕರ ಕಾಟ ಬೇರೆ ಇದೆ. ಹಣ ಕಳುಹಿಸುತ್ತೇನೆ, ನಿಮ್ಮ ಗುಪ್ತಸಂಖ್ಯೆಯನ್ನು ಒತ್ತಿರಿ ಎನ್ನುವವನು ಕಳ್ಳನೇ ಸರಿ. ಏಕೆಂದರೆ ಹಣ ಕೊಡುವಾಗ ಮಾತ್ರ ಆ ಸಂಖ್ಯೆ ಬೇಕು, ಪಡೆಯುವಾಗ ಬೇಡ. ಮೋಸಹೋದವರು ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಕಡೆಯದಾಗಿ, ಈ ಪಾಠವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೇ ಸಂಬಂಧಪಟ್ಟ ಸಂಗತಿ. ಎಷ್ಟೋ ಮನೆಗಳಲ್ಲಿ ರೊಟ್ಟಿ ಬಡಿಯುವವಳು ತಾಯಿ. ಫೋನು ಇರುವುದು ತಂದೆಯ ಜೇಬಿನಲ್ಲಿ. ಅದನ್ನು ಬಳಸಬಲ್ಲವರು ನೀವು. ಚಿತ್ರ ತೆಗೆದು, ಸಂದೇಶ ಬರೆದು, ಲೆಕ್ಕವಿಟ್ಟು ನೀವು ಅವಳಿಗೆ ನೆರವಾಗುವುದು ಮೆಚ್ಚತಕ್ಕದ್ದೇ. ಹಿಂದೆ ಊರಿನ ಕಾಗದಗಳನ್ನೆಲ್ಲ ಶಾನುಭೋಗರು ಓದಿ ಹೇಳುತ್ತಿದ್ದರಂತೆ. ಈಗ ಆ ಪಟ್ಟ ನಿಮ್ಮದು. ಆದರೆ ಎರಡು ವರ್ಷ ಕಳೆದ ಮೇಲೆ ನೀವು ಕಲಬುರಗಿಗೋ ಧಾರವಾಡಕ್ಕೋ ಓದಲು ಹೊರಟಿರೆನ್ನಿ. ಆಗ ಬಂದ ಬೇಡಿಕೆಗಳಿಗೆ ಉತ್ತರ ಕೊಡುವವರು ಯಾರು? ಹಣವು ಯಾರ ಖಾತೆಗೆ ಬೀಳುತ್ತದೆ? ದುಡಿದವಳ ಕೈಗೆ ಅದರ ಲೆಕ್ಕ ಸಿಕ್ಕುವುದೇ? ಅವಳ ಹೆಸರಿನಲ್ಲಿಯೇ ಒಂದು ಸಂಖ್ಯೆಯಿರಲಿ, ಅದಕ್ಕೆ ಅವಳದೇ ಬ್ಯಾಂಕು ಖಾತೆ ಸೇರಿರಲಿ, ಗುಪ್ತಸಂಖ್ಯೆಯು ಅವಳೊಬ್ಬಳಿಗೇ ತಿಳಿದಿರಲಿ. ಬರೆಯಲು ಬೇಸರವಾದರೆ ಮಾತನಾಡಿಯೇ ಸುದ್ದಿ ಕಳುಹಿಸುವ ಅನುಕೂಲವಿದೆ. ಆದರೂ ಬೆಲೆಯನ್ನು ಬರೆಯುವುದನ್ನು ಅವಳು ಕಲಿಯಲಿ. ಮೊದಲ ಕೆಲವು ಸಂದೇಶಗಳಲ್ಲಿ ಕಾಗುಣಿತದ ತಪ್ಪುಗಳಿರಬಹುದು. ಕನ್ನಡ ಮೇಷ್ಟರಾಗಿದ್ದ ನಾನೇ ಹೇಳುತ್ತಿದ್ದೇನೆ, ಅವನ್ನು ತಿದ್ದಲು ಅವಸರಪಡಬೇಡಿರಿ. ಅಂಕಿಗಳು ಸರಿಯಾಗಿವೆಯೇ ಎಂದು ನೋಡಿ, ಕಳುಹಿಸುವ ಗುಂಡಿಯನ್ನು ಅವಳೇ ಒತ್ತುವಂತೆ ಫೋನನ್ನು ಅವಳ ಕೈಗೆ ಕೊಡಿರಿ.