ದೇಹದ ದ್ವಾರಪಾಲಕರು

ಹಬ್ಬ ಹತ್ತಿರ ಬಂದಿತೆಂದರೆ ಮನೆಗೆ ಸುಣ್ಣ ಬಳಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಬಳಿದ ಸುಣ್ಣ ಗೋಡೆಯ ಅಂದವನ್ನು ಹೆಚ್ಚಿಸುತ್ತದೆ, ಮಳೆಗಾಳಿಗಳಿಂದ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ಅದಕ್ಕಿಂತ ಹೆಚ್ಚಿನ ಕೆಲಸವನ್ನು ನಾವು ಅದರಿಂದ ನಿರೀಕ್ಷಿಸುವುದಿಲ್ಲ. ನಮ್ಮ ಶರೀರದ ಒಳಹೊರಗುಗಳನ್ನು ಹೊದ್ದಿರುವ ಜೀವಕೋಶಗಳ ಹಾಸೊಂದಕ್ಕೆ ಕನ್ನಡದ ಪಠ್ಯಪುಸ್ತಕಗಳು ‘ಅನುಲೇಪಕ ಅಂಗಾಂಶ’ ಎಂದು ಹೆಸರಿಟ್ಟಿವೆ. ಅನುಲೇಪನವೆಂದರೆ ಬಳಿಯುವುದು, ಪೂಸುವುದು. ಮೈಗೆ ಗಂಧವನ್ನು ಪೂಸಿಕೊಳ್ಳುವುದಕ್ಕೆ ಸಲ್ಲುವ ಮಾತು ಅದು. ಹೆಸರೇನೋ ಇಂಪಾಗಿದೆ. ಆದರೆ ಅದನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗೋಡೆಗೆ ಬಳಿದ ಸುಣ್ಣವೇ.

ಪಾಶ್ಚಾತ್ಯರ ಹೆಸರೂ ಇದಕ್ಕಿಂತ ಮೇಲಾಗಿಲ್ಲ. 18ನೆಯ ಶತಮಾನದ ಆದಿಯಲ್ಲಿ ಹಾಲೆಂಡಿನ ಅಂಗರಚನಾಶಾಸ್ತ್ರಜ್ಞ ಫ್ರೆಡರಿಕ್ ರೂಯಿಷ್ ಎಂಬಾತನು ‘ಮೇಲೆ’, ‘ಮೊಲೆತೊಟ್ಟು’ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ‘ಎಪಿತೀಲಿಯಂ’ ಎಂಬ ಶಬ್ದವನ್ನು ಕಟ್ಟಿದನು. ಯಾವುದೋ ಒಂದೆಡೆಯ ಎಳೆಪೊರೆಗೆ ಇಟ್ಟ ಹೆಸರು ಕಾಲಕ್ರಮದಲ್ಲಿ ಇಡೀ ದೇಹದ ಪೊರೆಗಳಿಗೆಲ್ಲ ಅಂಟಿಕೊಂಡಿತು. ಎರಡು ಹೆಸರುಗಳೂ ಈ ಅಂಗಾಂಶವು ಎಲ್ಲಿದೆ ಎಂಬುದನ್ನು ಹೇಳುತ್ತವೆಯೇ ಹೊರತು ಏನು ಮಾಡುತ್ತದೆ ಎಂಬುದನ್ನು ಹೇಳುವುದಿಲ್ಲ. ಹೆಸರನ್ನು ನಂಬಿ ಇದನ್ನು ಬರಿಯ ಲೇಪವೆಂದು ಭಾವಿಸಿದರೆ ಎಂಥ ಸತ್ಯ ಕೈತಪ್ಪಿಹೋಗುತ್ತದೆ ಎಂಬುದಕ್ಕೆ ಕಾಲರಾ ರೋಗದ ಕಥೆಯೇ ಸಾಕ್ಷಿ. ಆ ಕಥೆಗೆ ಹೋಗುವ ಮುನ್ನ ಈ ಅಂಗಾಂಶದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ.

ದೇಹದ ಕಟ್ಟಡದಲ್ಲಿ ನಾಲ್ಕು ಬಗೆಯ ಅಂಗಾಂಶಗಳಿವೆಯೆಂದು ಶಾಸ್ತ್ರಜ್ಞರು ಎಣಿಸುತ್ತಾರೆ: ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ. ಇವುಗಳಲ್ಲಿ ಅನುಲೇಪಕದ ನೆಲೆ ಮೇಲ್ಮೈ. ಚರ್ಮದ ಹೊರಪದರ ಅದರ ಒಂದು ರೂಪ ಮಾತ್ರ. ಬಾಯಿ, ಅನ್ನನಾಳ, ಜಠರ, ಕರುಳು, ಶ್ವಾಸನಾಳ, ಮೂತ್ರಕೋಶ, ರಕ್ತನಾಳ ಇವುಗಳ ಒಳಮೈಗೂ ಅದೇ ಹೊದಿಕೆ. ಇಲ್ಲೊಂದು ಸ್ವಾರಸ್ಯವುಂಟು. ಬಾಯಿಯಿಂದ ಗುದದವರೆಗಿನ ನಾಳವು ನಮ್ಮ ಮೈಯೊಳಗೆ ಹಾದುಹೋಗುವ ಒಂದು ಓಣಿಯಿದ್ದಂತೆ. ನುಂಗಿದ ತುತ್ತು ಒಳಗೆ ಸೇರಿತೆಂದು ನಾವು ತಿಳಿದರೂ, ಕರುಳಿನ ಗೋಡೆಯನ್ನು ದಾಟುವ ತನಕ ಅದು ನಿಜವಾಗಿ ದೇಹದ ಹೊರಗೇ ಇರುತ್ತದೆ, ಹೊಸ್ತಿಲಾಚೆ ನಿಂತ ಅತಿಥಿಯಂತೆ. ಅದನ್ನು ಒಳಗೆ ಕರೆಯಬೇಕೆ, ಬೇಡವೆ ಎಂಬ ತೀರ್ಮಾನ ಹೊಸ್ತಿಲನ್ನು ಕಾಯುವ ಅನುಲೇಪಕ ಕೋಶಗಳದು.

ಈ ಕೋಶಗಳ ರಚನೆಯಲ್ಲಿ ಮೂರು ವಿಶೇಷಗಳನ್ನು ಕಾಣಬಹುದು. ಮೊದಲನೆಯದು, ಅವು ಒತ್ತೊತ್ತಾಗಿ ನಿಲ್ಲುತ್ತವೆ. ಕೋಶ ಕೋಶಗಳ ನಡುವೆ ಬಿಗಿಯಾದ ಬೆಸುಗೆಗಳಿದ್ದು, ಸಂದುಗಳಲ್ಲಿ ನುಸುಳುವುದು ಸುಲಭವಲ್ಲ. ಎರಡನೆಯದು, ಅವುಗಳ ನಡುವೆ ರಕ್ತನಾಳಗಳು ಹಾಯುವುದಿಲ್ಲ. ಕೆಳಗಿರುವ ಸಂಯೋಜಕ ಅಂಗಾಂಶದ ರಕ್ತನಾಳಗಳಿಂದ, ‘ಆಧಾರ ಪೊರೆ’ ಎಂಬ ತೆಳುಹಾಸಿನ ಮೂಲಕ ಜಿನುಗಿ ಬಂದ ಆಹಾರವೇ ಅವಕ್ಕೆ ಜೀವಾಧಾರ. ಮೇಲುಮೇಲೆ ತರಚಿದ ಗಾಯದಲ್ಲಿ ರಕ್ತ ಕಾಣದಿರುವುದಕ್ಕೆ ಇದೇ ಕಾರಣ. ಮೂರನೆಯದು, ಪ್ರತಿಯೊಂದು ಕೋಶಕ್ಕೂ ಎರಡು ಮುಖಗಳು: ಹೊರಜಗತ್ತನ್ನು ನೋಡುವ ಮೇಲ್ಮುಖ, ದೇಹವನ್ನು ನೋಡುವ ಕೆಳಮುಖ. ಮನೆಯ ತಲೆಬಾಗಿಲಿಗೂ ಹಿತ್ತಲ ಬಾಗಿಲಿಗೂ ಬೇರೆ ಬೇರೆ ಅಗುಳಿಗಳಿರುವಂತೆ, ಈ ಎರಡು ಮುಖಗಳ ಬಾಗಿಲುಗಳೂ ಭಿನ್ನವಾದುವು. ಈ ಮೂರನೆಯ ವಿಶೇಷವನ್ನು ವಾಚಕರು ನೆನಪಿನಲ್ಲಿಡಬೇಕೆಂದು ವಿನಂತಿ. ಮುಂದೆ ಅದರ ಕೆಲಸವಿದೆ.

ಬಗೆಗಳನ್ನು ಗುರುತಿಸುವ ಕ್ರಮ ಬಲು ಸರಳ. ಕೋಶಗಳು ಎಷ್ಟು ಸಾಲು, ಯಾವ ಆಕಾರ ಎಂದು ಕೇಳಿದರೆ ಸಾಕು. ಒಂದೇ ಸಾಲಿದ್ದರೆ ಸರಳ, ಹಲವಿದ್ದರೆ ಸ್ತರಿತ. ಆಕಾರದಲ್ಲಿ ಮೀನಿನ ಹುರುಪೆಯಂತೆ ಚಪ್ಪಟೆಯಾದುದು ಶಲ್ಕ, ದಾಳದಂತಿರುವುದು ಘನ, ಕಂಬದಂತಿರುವುದು ಸ್ತಂಭ. ಯಾವ ಎಡೆಯಲ್ಲಿ ಯಾವ ಕೆಲಸವೋ ಅದಕ್ಕೆ ತಕ್ಕ ಆಕಾರ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಪ್ರಾಣವಾಯು ತಡೆಯಿಲ್ಲದೆ ರಕ್ತಕ್ಕೆ ಸೇರಬೇಕು. ಆದುದರಿಂದ ಅಲ್ಲಿ ಇರುವುದು ಚಪ್ಪಟೆ ಕೋಶಗಳ ಒಂದೇ ಸಾಲು. ಗಾಳಿಗೂ ರಕ್ತಕ್ಕೂ ನಡುವಣ ಗೋಡೆ ತೀರ ತೆಳುವಾದೆಡೆಯಲ್ಲಿ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ದುಡಿಮೆ ಹೆಚ್ಚು. ದಿನವೊಂದಕ್ಕೆ ಸುಮಾರು 180 ಲೀಟರು ದ್ರವ ರಕ್ತದಿಂದ ಸೋಸಿ ಬರುತ್ತದೆ; ಅದರಲ್ಲಿ ಒಂದೆರಡು ಲೀಟರನ್ನುಳಿದು ಮಿಕ್ಕುದನ್ನೆಲ್ಲ ಮರಳಿ ರಕ್ತಕ್ಕೆ ಒಪ್ಪಿಸಬೇಕು. ಈ ದುಡಿಮೆಯಲ್ಲಿ ಘನಾಕಾರದ ಕೋಶಗಳದು ದೊಡ್ಡ ಪಾಲು.

ಚರ್ಮದಲ್ಲಿ ಸಾಲುಗಳು ಹಲವು. ಮೇಲಣ ಸಾಲುಗಳು ಸತ್ತು ಗಟ್ಟಿಯಾಗಿ, ಸವೆತವನ್ನು ತಾವು ತಿಂದು ಕೆಳಗಿನವರನ್ನು ಉಳಿಸುತ್ತವೆ. ಶ್ವಾಸನಾಳದಲ್ಲಿ ಸ್ತಂಭಾಕಾರದ ಕೋಶಗಳ ನೆತ್ತಿಯ ಮೇಲೆ ಎಳೆಗೂದಲಿನಂಥ ಲೋಮಗಳಿದ್ದು, ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಬೀಸುತ್ತ, ಧೂಳು ಮೆತ್ತಿದ ಲೋಳೆಯನ್ನು ಗಂಟಲ ಕಡೆಗೆ ಗುಡಿಸುತ್ತಿರುತ್ತವೆ. ಬೀಡಿ ಸಿಗರೇಟುಗಳ ಹೊಗೆ ಈ ಪೊರಕೆಯ ಕೈಗಳನ್ನು ಕಟ್ಟಿಹಾಕುತ್ತದೆ. ಧೂಮಪಾನಿಯ ಮುಂಜಾವಿನ ಕೆಮ್ಮು ಗುಡಿಸದೆ ಬಿಟ್ಟ ಮನೆಯ ದೂರು. ಮೂತ್ರಕೋಶದ ಪೊರೆಯದು ಇನ್ನೊಂದು ಬಗೆ; ಚೀಲ ತುಂಬಿದಾಗ ಅದರ ಕೋಶಗಳು ಚಪ್ಪಟೆಯಾಗಿ ಹಿಗ್ಗುತ್ತವೆ, ಬರಿದಾದಾಗ ಉಬ್ಬಿ ಒತ್ತಾಗುತ್ತವೆ. ಇದೇ ಅಂಗಾಂಶ ಕೆಲವೆಡೆ ಒಳಕ್ಕೆ ಮಡಿಚಿ ಗ್ರಂಥಿಯಾಗುತ್ತದೆ. ಬೆವರು, ಕಣ್ಣೀರು, ಜೊಲ್ಲು, ತಾಯಿಯ ಎದೆಹಾಲು ಇವೆಲ್ಲ ಅನುಲೇಪಕ ಕೋಶಗಳ ಉತ್ಪನ್ನಗಳೇ.

ಹೊಸ್ತಿಲಲ್ಲಿ ನಿಂತವರಿಗೆ ಪೆಟ್ಟು ತಪ್ಪದು. ಅದಕ್ಕಾಗಿ ಪ್ರಕೃತಿಯು ಕಾವಲುಗಾರರನ್ನು ಪದೇ ಪದೇ ಬದಲಿಸುವ ಏರ್ಪಾಡನ್ನು ಮಾಡಿದೆ. ಕರುಳಿನ ಪೊರೆಯ ಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿ ಹೊಸವು ಬರುತ್ತವೆ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಅಥವಾ ಅದಕ್ಕೂ ತುಸು ಹೆಚ್ಚು ಬೇಕು. ಈ ಏರ್ಪಾಡಿಗೆ ಬೆಲೆಯೂ ಉಂಟು. ಕೋಶಗಳು ಎಡೆಬಿಡದೆ ವಿಭಜಿಸುವ ಕಡೆಯಲ್ಲಿ, ಹೊರಗಿನ ವಿಷಗಳು ನೇರವಾಗಿ ತಾಗುವ ಕಡೆಯಲ್ಲಿ, ತಪ್ಪುಗಳೂ ಹೆಚ್ಚು. ವಯಸ್ಕರಲ್ಲಿ ಕಾಣಿಸುವ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಅನುಲೇಪಕದಲ್ಲೇ. ಊಟವಾದ ಮೇಲೆ ಎಲೆಯಡಿಕೆ ಮೆಲ್ಲುವ ನಮ್ಮ ಮನೆಗಳವರು ಅಹಿತವಾದರೂ ಒಂದು ಮಾತನ್ನು ಕೇಳಬೇಕು: ಹೊಗೆಸೊಪ್ಪು ಬೆರೆಯದ ಅಡಿಕೆಯೂ ಬಾಯಿಯ ಪೊರೆಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೀರ್ಮಾನಿಸಿದೆ.

ಇನ್ನು ಕರುಳಿನ ಬಾಗಿಲಿಗೆ ಬರೋಣ. ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ ರಸಾಂಕುರಗಳಿಂದ ತುಂಬಿದೆ. ಅವುಗಳನ್ನು ಹೊದ್ದಿರುವುದು ಸ್ತಂಭಾಕಾರದ ಕೋಶಗಳ ಒಂದೇ ಸಾಲು. ಒಂದೊಂದು ಕೋಶದ ಮೇಲ್ಮುಖದಲ್ಲೂ ಕುಂಚದಂತೆ ಸಾವಿರಾರು ಸೂಕ್ಷ್ಮ ಅಂಕುರಗಳು. ಜೀರ್ಣನಾಳದ ಈ ಹರವು ಒಂದು ಟೆನ್ನಿಸ್ ಅಂಗಳದಷ್ಟೆಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದುವು; 2014ರಲ್ಲಿ ಸ್ವೀಡನ್ನಿನ ವಿದ್ವಾಂಸರು ಮತ್ತೆ ಅಳೆದು ಸುಮಾರು 32 ಚದರ ಮೀಟರು ಎಂದು ತಿದ್ದಿದರು. ಅದೇನೂ ಸಣ್ಣ ಹರವಲ್ಲ.

ಕಾಲರಾ ಬಡಿದಾಗ ಈ ಕರುಳಿನಿಂದ ಗಂಜಿಯ ತಿಳಿಯಂಥ ನೀರು ಹರಿಯತೊಡಗುತ್ತದೆ. ರೋಗ ತೀವ್ರವಾದರೆ ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಇಲ್ಲವಾದ ಕಥೆಗಳನ್ನು ಹಳೆಯ ತಲೆಯವರು ಹೇಳುತ್ತಿದ್ದುದು ಇದರಿಂದಲೇ. ರೋಗವು ಕರುಳಿನ ಪೊರೆಯನ್ನೇ ಸುಲಿದು ಹಾಕುತ್ತದೆ, ಸುಣ್ಣ ಉದುರಿದ ಗೋಡೆಯಲ್ಲಿ ನೀರು ಜಿನುಗುವಂತೆ ಜಿನುಗುತ್ತದೆ ಎಂದು ವೈದ್ಯಲೋಕವು ಬಹುಕಾಲ ನಂಬಿತ್ತು. ಪೊರೆಯೇ ಇಲ್ಲವೆಂದಮೇಲೆ ಬಾಯಿಯಿಂದ ನೀರು ಕುಡಿಸಿ ಫಲವೇನು? ಸೂಜಿಯ ಮೂಲಕ ರಕ್ತನಾಳಕ್ಕೆ ಲವಣಜಲವನ್ನು ಏರಿಸುವುದೊಂದೇ ಗತಿ. ಅದು ಬಡವರ ಹಳ್ಳಿಗಳಿಗೆ ಎಟುಕುವ ಮದ್ದಲ್ಲ.

ಈ ನಂಬಿಕೆ ಎರಡೇ ವರ್ಷಗಳಲ್ಲಿ ಕುಸಿಯಿತು. 1959ರಲ್ಲಿ ಕಲಕತ್ತೆಯ ಶಂಭುನಾಥ ಡೇ ಎಂಬ ರೋಗಶಾಸ್ತ್ರಜ್ಞರು, ಕಾಲರಾ ಕ್ರಿಮಿ ಸ್ರವಿಸುವ ವಿಷವೊಂದೇ ಸಾಕು, ಮೊಲದ ಕರುಳಿನಲ್ಲಿ ನೀರು ತುಂಬುತ್ತದೆ ಎಂಬುದನ್ನು ತೋರಿಸಿಕೊಟ್ಟರು. 1960ರಲ್ಲಿ, ಕಾಲರಾ ರೋಗಿಗಳ ಕರುಳಿನಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಗ್ಯಾಂಗರೋಸ ಮತ್ತು ಸಂಗಡಿಗರಿಗೆ ಅನುಲೇಪಕದ ಸಾಲು ಅಖಂಡವಾಗಿ ಕಂಡಿತು. ಪೊರೆ ಸುಲಿದಿರಲಿಲ್ಲ. ಕಾವಲುಗಾರರು ತಮ್ಮ ತಮ್ಮ ಸ್ಥಳಗಳಲ್ಲೇ ಇದ್ದರು. ವಿಷವು ಅವರನ್ನು ಕೊಂದಿರಲಿಲ್ಲ, ಮರುಳುಮಾಡಿತ್ತು. ಲವಣವನ್ನು ಹೊರಬಿಡುವ ಬಾಗಿಲನ್ನು ತೆರೆದು ಮುಚ್ಚದಂತೆ ಮಾಡಿತ್ತು. ಲವಣ ಹೋದಲ್ಲಿಗೆ ನೀರೂ ಹೋಗುತ್ತದೆ.

ಅದೇ 1960ರ ಆಗಸ್ಟಿನಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ಜೀವರಸಾಯನಜ್ಞರು ಕರುಳಿನ ಕೋಶದ ಮೇಲ್ಮುಖದಲ್ಲಿರುವ ಇನ್ನೊಂದು ಬಾಗಿಲಿನ ರಹಸ್ಯವನ್ನು ಮುಂದಿಟ್ಟರು. ಆ ಬಾಗಿಲಲ್ಲಿ ಗ್ಲೂಕೋಸು ಒಂಟಿಯಾಗಿ ಬಂದರೆ ಪ್ರವೇಶವಿಲ್ಲ. ಉಪ್ಪಿನ ಅಂಶವಾದ ಸೋಡಿಯಂ ಜೊತೆಗಿರಬೇಕು. ಜೊತೆಯಾಗಿ ಬಂದರೆ ಎರಡಕ್ಕೂ ಒಳಗೆ ಸ್ವಾಗತ. ಒಳಬಂದ ಸೋಡಿಯಮ್ಮನ್ನು ಕೋಶವು ಕೆಳಮುಖದ ಬಾಗಿಲಿನಿಂದ ದೇಹದ ಕಡೆಗೆ ತಳ್ಳುತ್ತದೆ, ಹಿಂದೆಯೇ ನೀರು ಸಾಗುತ್ತದೆ. ಎರಡು ಮುಖಗಳ ಬಾಗಿಲುಗಳು ಭಿನ್ನವೆಂದು ಮೊದಲೇ ಹೇಳಿದೆಯಷ್ಟೆ. ಅದರ ಫಲ ಇದು. ಕಾಲರಾ ವಿಷವು ಈ ಬಾಗಿಲನ್ನು ಕೆಡಿಸಲಾರದು. ಉಪ್ಪನ್ನೂ ಸಕ್ಕರೆಯನ್ನೂ ಹದವಾಗಿ ಬೆರೆಸಿದ ನೀರನ್ನು ಕುಡಿಸಿದರೆ, ಒಂದು ಬಾಗಿಲಿನಿಂದ ನೀರು ಸೋರುತ್ತಿರುವಾಗಲೇ ಇನ್ನೊಂದು ಬಾಗಿಲಿನಿಂದ ಒಳಸೇರುತ್ತದೆ. 1968ರಲ್ಲಿ ಢಾಕಾ ನಗರದಲ್ಲಿ ಕಾಲರಾ ರೋಗಿಗಳ ಮೇಲೆ ಇದು ಸಿದ್ಧವಾಯಿತು.

ನಿಜವಾದ ಪರೀಕ್ಷೆ ನಡೆದುದು 1971ರಲ್ಲಿ. ಪೂರ್ವ ಪಾಕಿಸ್ತಾನದಿಂದ ಲಕ್ಷಗಟ್ಟಲೆ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದು ಸೇರಿದಾಗ, ಗಡಿಯ ಬನಗಾಂವ್ ಎಂಬ ಊರಿನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಸೂಜಿಯಿಂದ ಏರಿಸುವ ಲವಣಜಲದ ದಾಸ್ತಾನು ತೀರಿಹೋಗುತ್ತ ಬಂದಿತು. ಆಗ ಡಾಕ್ಟರ್ ದಿಲೀಪ್ ಮಹಲಾನಬೀಸರು ಗ್ಲೂಕೋಸು, ಅಡಿಗೆಯ ಉಪ್ಪು, ಅಡಿಗೆಯ ಸೋಡ ಇವುಗಳನ್ನು ನೀರಿನಲ್ಲಿ ಕರಗಿಸಿ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಲೋಟ ಹಿಡಿದು ತಂದು ಕುಡಿಸಿದರು. ಅಂಥ ಶಿಬಿರಗಳಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತರಷ್ಟಿದ್ದ ಸಾವು, ಈ ನೀರು ಕುಡಿದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಮಹಲಾನಬೀಸರು ತೀರಿಕೊಂಡರು. ಮರುವರ್ಷ ಭಾರತ ಸರಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ನೀಡಿತು. ಇಂದು ಔಷಧದಂಗಡಿಯಲ್ಲಿ ದೊರೆಯುವ ಓ. ಆರ್. ಎಸ್. ಪುಡಿ ಆ ಪೀಪಾಯಿಗಳ ಸಂತತಿಯದೇ.

ಗೃಹಿಣಿಯರಿಗೆ ಇದರಿಂದ ತಿಳಿಯಬೇಕಾದುದು ಇಷ್ಟು. ಭೇದಿಯಾಗುತ್ತಿರುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ತಡೆಯುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅದು ಅಪಾಯಕರ. ಓ. ಆರ್. ಎಸ್. ಪುಡಿ ಕೈಗೆ ಸಿಕ್ಕರೆ, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಸಿಕ್ಕದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ತಲೆತಟ್ಟಿದ ಅರ್ಧ ಟೀ ಚಮಚ ಉಪ್ಪು. ಅಳತೆ ಮೀರಬಾರದು. ಉಪ್ಪು ಹೆಚ್ಚಿದರೆ ಮಗುವಿಗೆ ಕೇಡು. ಸಕ್ಕರೆ ಹೆಚ್ಚಿದರೆ ಅದು ನೀರನ್ನು ಕರುಳಿಗೇ ಮರಳಿ ಸೆಳೆಯುತ್ತದೆ. ಆದ್ದರಿಂದ ಅಂಗಡಿಯ ಸಿಹಿ ಪಾನೀಯಗಳು ಇದಕ್ಕೆ ಬದಲಾಗಲಾರವು. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚ ಚಮಚವಾಗಿ ಕೊಡಬೇಕು. ಎಳೆಗೂಸಿಗೆ ಎದೆಹಾಲನ್ನು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಈ ನೀರು ಭೇದಿಯನ್ನು ಕೂಡಲೇ ಕಟ್ಟುವುದಿಲ್ಲ; ಅದನ್ನು ನೋಡಿ ಧೈರ್ಯಗೆಡಬಾರದು. ಹೋಗುವ ನೀರಿಗೆ ಎದುರಾಗಿ ಬರುವ ನೀರನ್ನು ಒದಗಿಸುವುದಷ್ಟೇ ಅದರ ಕೆಲಸ. ಮಿಕ್ಕುದನ್ನು ಕರುಳು ತಾನೇ ನೋಡಿಕೊಳ್ಳುತ್ತದೆ. ವಿಷಕ್ಕೆ ಮರುಳಾದ ಕೋಶಗಳು ನಾಲ್ಕಾರು ದಿನಗಳಲ್ಲಿ ಉದುರಿ, ಅವುಗಳ ಎಡೆಯಲ್ಲಿ ಹೊಸ ಕಾವಲುಗಾರರು ಬಂದು ನಿಲ್ಲುತ್ತಾರೆ. ಅಲ್ಲಿಯವರೆಗೆ ಮಗುವಿನ ಜೀವವನ್ನು ಹಿಡಿದಿಡುವುದು ತಾಯಿಯ ಕೈಯ ಚಮಚ.